ಲೀಟರ್‌ಗೆ ಎಷ್ಟು ಯೂನಿಟ್? ದೂರದ ತಾಂಡಾಕ್ಕೊಂದು ಡೀಸೆಲ್ ಪವರ್ ಹೌಸ್ ಕಟ್ಟಿ ನಡೆಸುವ ಬಗೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಹೋದರೆ ದಿಬ್ಬದ ಮೇಲೆ ವಿಂಡ್‌ಮಿಲ್ ಸಾಲು ಕಾಣುತ್ತದೆ. ರೆಕ್ಕೆ ತಿರುಗುತ್ತಲೇ ಇರುತ್ತವೆ. ಆದರೆ ಆ ಕರೆಂಟು ನೇರ ಗ್ರಿಡ್‌ಗೆ ಹೋಗುತ್ತದೆ, ಗುಡ್ಡದ ಬುಡದ ಮನೆಗಳಿಗೆ ಇಳಿಯುವುದಿಲ್ಲ. ಕಂಬ ಇನ್ನೂ ಬಾರದ ಹೊಸ ತಾಂಡಾ ಇರಬಹುದು, ಹೊಲದಲ್ಲೇ ನೆಲೆಸಿದ ತೋಟದ ಮನೆಗಳ ಗುಂಪು ಇರಬಹುದು. ಮಲಪ್ರಭೆ ಉಕ್ಕಿದಾಗ ನಾಲ್ಕೈದು ದಿನ ದ್ವೀಪವಾಗುವ ನರಗುಂದ, ರೋಣ ಕಡೆಯ ಹೊಳೆಸಾಲಿನ ಊರೂ ಇರಬಹುದು. ಅಂಥ ಕಡೆ ಊರವರೇ ಸೇರಿ ಸಣ್ಣದೊಂದು ಡೀಸೆಲ್ ಪವರ್ ಹೌಸ್ ಮಾಡಿಕೊಳ್ಳುವುದು ಹೇಗೆ ಅಂತ ಹೇಳುವ ಬರಹ ಇದು.

ಇಂಜಿನ್ ಓಡಿಸುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಪಂಪ್‌ಸೆಟ್, ಟ್ರ್ಯಾಕ್ಟರ್ ನೋಡಿದ ಕೈಗಳು ಎಲ್ಲ ಊರಲ್ಲೂ ಇವೆ. ಇಂಥ ಪವರ್ ಹೌಸ್ ಮುಚ್ಚುವುದು ಇಂಜಿನ್ ಕೆಟ್ಟು ಅಲ್ಲ, ಹೆಚ್ಚಾಗಿ ಲೆಕ್ಕ ಕೆಟ್ಟು. ಹಾಗಾಗಿ ಒಂದೇ ಒಂದು ಸಂಖ್ಯೆಯನ್ನು ಮೊದಲ ದಿನದಿಂದ ಹಿಡಿದುಕೊಳ್ಳಿ: ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಯೂನಿಟ್ ಕರೆಂಟು ಬಂತು? ಒಂದು ಕಿಲೋವಾಟ್ ಲೋಡ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಒಂದು ಲೀಟರ್‌ನಲ್ಲಿ ಸುಮಾರು ಹತ್ತು ಯೂನಿಟ್‌ನಷ್ಟು ಶಾಖ ಇರುತ್ತದೆ. ಸಣ್ಣ ಸೆಟ್, ಅಂದರೆ ಇಂಜಿನ್ ಮತ್ತು ಜನರೇಟರ್ ಜೋಡಿ, ಒಳ್ಳೆಯ ಲೋಡ್‌ನಲ್ಲಿ ಅದರಲ್ಲಿ ಮೂರು ಯೂನಿಟ್ ಕರೆಂಟು ಮಾಡಿಕೊಡುತ್ತದೆ. ಉಳಿದದ್ದು ಹೊಗೆಯಲ್ಲಿ, ರೇಡಿಯೇಟರ್ ಗಾಳಿಯಲ್ಲಿ ಹೋಗುತ್ತದೆ. ಮೂರರ ಹತ್ತಿರ ಇದ್ದರೆ ನೀವು ಸರಿ ಇದ್ದೀರಿ. ಎರಡಕ್ಕೆ ಇಳಿದರೆ ಎಲ್ಲೋ ಸೋರುತ್ತಿದೆ. ಮುಂದಿನ ಎಲ್ಲ ಕೆಲಸವೂ ಈ ಸಂಖ್ಯೆಯ ಸುತ್ತಲೇ ಇದೆ.

ಇಂಜಿನ್ ಕೊಳ್ಳುವ ಮೊದಲು ಕಾಗದ

ಮೊದಲು ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಡಿ. ಲೈನ್ ಬರುವುದಾದರೆ ಡೀಸೆಲ್ ಕರೆಂಟಿನ ಕಾಲು ಭಾಗದಷ್ಟೂ ಖರ್ಚಾಗುವುದಿಲ್ಲ. ಡೀಸೆಲ್ ಕರೆಂಟು ಎಲ್ಲ ಕಡೆಯೂ ದುಬಾರಿಯೇ. 1993ರಲ್ಲಿ ಶುರುವಾದ ಯಲಹಂಕದ ಡೀಸೆಲ್ ಸ್ಥಾವರ ಸುಮಾರು 128 ಮೆಗಾವಾಟ್‌ನದಾಗಿತ್ತು, ಅಷ್ಟು ದೊಡ್ಡದಕ್ಕೂ ಎಣ್ಣೆ ಖರ್ಚು ತಾಳಲಿಲ್ಲ. ಲಕ್ಷದ್ವೀಪದಂಥ ಕಡೆ ದಶಕಗಳಿಂದ ಡೀಸೆಲ್ ಪವರ್ ಹೌಸೇ ಮುಖ್ಯ ಆಸರೆ, ಆದರೆ ಅಲ್ಲಿ ಬೇರೆ ದಾರಿ ಇರಲಿಲ್ಲ, ಎಣ್ಣೆ ಹಡಗಿನಲ್ಲೇ ಬರಬೇಕು. ನಿಮಗೆ ದಾರಿ ಇದೆಯಾ ಅಂತ ಮೊದಲು ಕೇಳಿ ನೋಡಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಆ ಗಡಿಯೊಳಗೆ ಕಂಬ ಹಾಕಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗಿನ ವ್ಯವಸ್ಥೆ ಅಂತಲೇ ಡೀಸೆಲ್ ಸೆಟ್ ನೋಡಿ.

ಊರವರೇ ಕರೆಂಟು ಮಾಡಿ ಊರಿಗೇ ಹಂಚುವುದು ಕಾನೂನಿಗೆ ವಿರುದ್ಧ ಅಲ್ವಾ? ಅಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 14ನೇ ಕಲಮಿನಲ್ಲಿ, ರಾಜ್ಯ ಸರ್ಕಾರ ಗ್ರಾಮೀಣ ಅಂತ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಕರೆಂಟು ಉತ್ಪಾದಿಸಿ ಹಂಚುವವರಿಗೆ ಲೈಸೆನ್ಸ್ ಬೇಡ ಅಂತ ವಿನಾಯಿತಿ ಇದೆ. ಆದರೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇಲ್ಲ. ನಿಮ್ಮ ಜಾಗ ಅಧಿಸೂಚನೆಯಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಡ್ರಾಯಿಂಗ್ ಮಾಡಿಸಿ, ವಿದ್ಯುತ್ ಪರಿವೀಕ್ಷಕರ ಕಚೇರಿಗೆ ತೋರಿಸಿ. ಪಂಚಾಯಿತಿಯ ಠರಾವು ಇರಲಿ. ಜಾಗದ ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಇರಲಿ. ಬಾಯಿಮಾತಿನಲ್ಲಿ ಕೊಟ್ಟ ಜಾಗ ಅಣ್ಣತಮ್ಮಂದಿರ ಪಾಲು ಬಂದಾಗ ಬೇಲಿಯಾಗುತ್ತದೆ.

ಮನೆ ಮನೆ ತಿರುಗಿ ಲೋಡ್ ಬರೆಯಿರಿ

ಅರವತ್ತು ಮನೆಯ ತಾಂಡಾ ಅಂತ ಇಟ್ಟುಕೊಳ್ಳೋಣ. ಒಂದು ನೋಟ್‌ಬುಕ್ ಹಿಡಿದು ಪ್ರತಿ ಮನೆಗೂ ಹೋಗಿ. "ಏನೇನು ಹಚ್ತೀರಿ?" ಅಂತ ಕೇಳಬೇಡಿ, "ಸಂಜೆ ಏಳಕ್ಕ ಏನೇನು ಚಾಲೂ ಇರ್ತದ?" ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಸಾಮಾನ್ಯವಾಗಿ ಒಂದು ಮನೆಗೆ 9 ವಾಟಿನ ನಾಲ್ಕು ಎಲ್ಇಡಿ ಬಲ್ಬ್, 70 ವಾಟಿನ ಒಂದು ಫ್ಯಾನ್, 60 ವಾಟಿನ ಟಿವಿ, ಮೊಬೈಲ್ ಚಾರ್ಜಿಗೆ 10 ವಾಟ್. ಒಟ್ಟು 176 ವಾಟ್. ಎಲ್ಲ ಮನೆಯಲ್ಲೂ ಎಲ್ಲವೂ ಒಟ್ಟಿಗೆ ನಡೆಯುವುದಿಲ್ಲ. ನೂರಕ್ಕೆ ಅರವತ್ತು ಅಂತ ಹಿಡಿದರೆ ಮನೆಗೆ ಸುಮಾರು 105 ವಾಟ್, ಅರವತ್ತು ಮನೆಗೆ 6.3 ಕಿಲೋವಾಟ್. ಹದಿನೈದು ಬೀದಿ ದೀಪ ಸೇರಿಸಿ, ತಂತಿಯಲ್ಲಿ ಹೋಗುವ ನಷ್ಟ ಸೇರಿಸಿ. ಸಂಜೆಯ ಪೀಕ್ ಸುಮಾರು 7 ಕಿಲೋವಾಟ್.

ಹಗಲಿಗೆ ಬೇರೆ ಲೆಕ್ಕ. ಕುಡಿಯುವ ನೀರಿನ ಬೋರಿಗೆ 3 ಎಚ್‌ಪಿ ಮೋಟಾರ್, ಅದು ಎಳೆಯುವುದು ಸುಮಾರು 3 ಕಿಲೋವಾಟ್. ಹಿಟ್ಟಿನ ಗಿರಣಿ ಇದ್ದರೆ 7.5 ಎಚ್‌ಪಿ, ಅದು 6.4 ಕಿಲೋವಾಟ್. ಎರಡೂ ಸೇರಿ 9.4.

ರಾತ್ರಿ ಹತ್ತರ ಮೇಲೆ ಟಿವಿ ಆರಿ, ಫ್ಯಾನು ಮತ್ತು ಬೀದಿ ದೀಪ ಮಾತ್ರ ಉಳಿಯುತ್ತವೆ. 2.8 ಕಿಲೋವಾಟ್ ಅಷ್ಟೇ.

ಈ ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ: 7, 9.4, 2.8. ಮಷಿನ್ ಆರಿಸುವುದು ಇವುಗಳಿಂದಲೇ, ಅಂಗಡಿಯವರ ಬಾಯಿಂದ ಅಲ್ಲ.

ದೊಡ್ಡ ಮಷಿನ್ ಬೇಡ

ಈ ಮಾತಿಗೆ ಊರಿನ ಸಭೆಯಲ್ಲಿ ವಿರೋಧ ಬಂದೇ ಬರುತ್ತದೆ. "ಸಣ್ಣದು ಯಾಕ್ರೀ, ಮುಂದ ಮನಿ ಹೆಚ್ಚಾದ್ರ? ಒಮ್ಮೆ ತರೋದು, ದೊಡ್ಡದ ತರೋಣು" ಅಂತ ಹಿರಿಯರೊಬ್ಬರು ಹೇಳುತ್ತಾರೆ. ಎಲ್ಲಾದರೂ ಸೆಕೆಂಡ್ ಹ್ಯಾಂಡ್ 62.5 ಕೆವಿಎ ಸೆಟ್ ಅಗ್ಗಕ್ಕೆ ಸಿಗುತ್ತಿದೆ ಅಂತ ಇನ್ನೊಬ್ಬರು ಸುದ್ದಿ ತರುತ್ತಾರೆ. ಸುಮ್ನೆ ಜಗಳ ಬೇಡ, ಲೆಕ್ಕ ತೋರಿಸಿ.

ಕೆವಿಎಯನ್ನು 0.8ರಿಂದ ಗುಣಿಸಿದರೆ ಕಿಲೋವಾಟ್. 62.5 ಕೆವಿಎ ಅಂದರೆ 50 ಕಿಲೋವಾಟ್. ಸಂಜೆಯ 7 ಕಿಲೋವಾಟ್ ಅದಕ್ಕೆ ಶೇ 14. ಡೀಸೆಲ್ ಇಂಜಿನ್ ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ದಿನಗಟ್ಟಲೆ ಓಡಿದರೆ ಸಿಲಿಂಡರ್ ಸರಿಯಾಗಿ ಕಾಯುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಎಣ್ಣೆ ಮಸಿಯ ಜತೆ ಸೇರಿ ಸೈಲೆನ್ಸರ್ ಬಾಯಲ್ಲಿ ಕಪ್ಪು ಜಿಡ್ಡಾಗಿ ತೊಟ್ಟಿಕ್ಕುತ್ತದೆ. ಬೆರಳಿಗೆ ಹಚ್ಚಿ ನೋಡಿದರೆ ಡಾಂಬರಿನ ಹಾಗೆ ಅಂಟುತ್ತದೆ. ಒಳಗೆ ರಿಂಗ್ ಹಿಡಿದುಕೊಳ್ಳುತ್ತವೆ, ಇಂಜೆಕ್ಟರ್ ಕಟ್ಟುತ್ತದೆ, ಎಣ್ಣೆ ಕುಡಿಯುವುದು ಜಾಸ್ತಿಯಾಗುತ್ತದೆ. ಇಷ್ಟಾಗಿಯೂ ಲೀಟರ್‌ಗೆ ಎರಡು ಯೂನಿಟ್ ಬಂದರೆ ಪುಣ್ಯ.

ಅದೇ 15 ಕೆವಿಎ ಸೆಟ್, ಅಂದರೆ 12 ಕಿಲೋವಾಟ್. ಸಂಜೆಯ ಲೋಡ್ ಶೇ 58. ಹಗಲಿನ ಗಿರಣಿ ಮತ್ತು ಬೋರ್ ಶೇ 78. ಇಂಜಿನ್ ಖುಷಿಯಾಗಿ ಓಡುವ ಜಾಗವೇ ಇದು. ರಾತ್ರಿಯ 2.8 ಮಾತ್ರ ಶೇ 23ಕ್ಕೆ ಬೀಳುತ್ತದೆ. ಅದಕ್ಕೆ ಎರಡು ದಾರಿ. ಒಂದು, ಜತೆಗೆ 7.5 ಕೆವಿಎಯ ಸಣ್ಣ ಸೆಟ್ ಇಟ್ಟುಕೊಂಡು ರಾತ್ರಿ ಅದನ್ನು ಓಡಿಸುವುದು. ಇನ್ನೊಂದು, ಹತ್ತಕ್ಕೆ ಇಂಜಿನ್ ಬಂದ್ ಮಾಡಿ, ಸಣ್ಣ ಸೋಲಾರ್ ಪ್ಯಾನಲ್ ಮತ್ತು ಬ್ಯಾಟರಿಯಲ್ಲಿ ಫ್ಯಾನ್ ತಿರುಗಿಸುವುದು. ಬಿಎಲ್‌ಡಿಸಿ ಫ್ಯಾನ್ ಆದರೆ 30 ವಾಟ್ ಸಾಕು. ನಾನಾದರೆ ಎರಡನ್ನೂ ಮಾಡುತ್ತೇನೆ. ದಿನದ ರಾತ್ರಿಗೆ ಬ್ಯಾಟರಿ. ದೊಡ್ಡ ಸೆಟ್ ಬಿಚ್ಚಿ ಹಾಕಿದ ದಿನಕ್ಕೆ, ಬಾಣಂತಿ ಮನೆಗೆ, ಮಳೆಗಾಲದ ರಾತ್ರಿಗೆ ಸಣ್ಣ ಸೆಟ್. ಒಂದೇ ಒಂದು ಇಂಜಿನ್ ನಂಬಿ ಊರಿಗೆ ಕರೆಂಟು ಕೊಡುತ್ತೇನೆ ಅನ್ನುವುದು ಮಾತ್ರ ಬೇಡ.

ಮೋಟಾರಿನ ವಿಷಯ ಒಂದಿದೆ. 7.5 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 11 ಆಂಪ್ಸ್ ಎಳೆಯುತ್ತದೆ. ನೇರ ಸ್ಟಾರ್ಟರ್‌ನಲ್ಲಿ ಏಳುವಾಗ ಅದರ ಆರು ಪಟ್ಟು, 66 ಆಂಪ್ಸ್. 15 ಕೆವಿಎ ಸೆಟ್ಟಿನ ಪೂರ್ತಿ ಶಕ್ತಿಯೇ 21 ಆಂಪ್ಸ್. ಗಿರಣಿ ಚಾಲೂ ಮಾಡಿದ ಕ್ಷಣ ಊರಿನ ಬಲ್ಬೆಲ್ಲ ಕಣ್ಣು ಮುಚ್ಚುತ್ತವೆ, ಇಲ್ಲವೇ ಸೆಟ್ ಟ್ರಿಪ್ ಆಗುತ್ತದೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕಿದರೆ ಆ ಹೊಡೆತ ಮೂರನೇ ಒಂದಕ್ಕೆ, ಅಂದರೆ 22ಕ್ಕೆ ಇಳಿಯುತ್ತದೆ. ಆಗಲೂ ವೋಲ್ಟೇಜ್ ಕುಸಿಯುತ್ತದೆ, ಆದರೆ ಸೆಟ್ ತಡೆದುಕೊಳ್ಳಬಹುದು. ಮೋಟಾರಿನ ವೇಗವನ್ನು ಮೆಲ್ಲಗೆ ಏರಿಸುವ ವಿಎಫ್‌ಡಿ ಹಾಕಿದರೆ ಇನ್ನೂ ಮೆತ್ತಗೆ ಏಳುತ್ತದೆ. ಯಾವುದೇ ಇರಲಿ, ಸೆಟ್ ಖಾಲಿ ಇರುವಾಗ ದೊಡ್ಡ ಮೋಟಾರ್ ಮೊದಲು ಎಬ್ಬಿಸಿ, ಬೋರ್ ಆಮೇಲೆ.

ಹೊಸ ಸೆಟ್ ಕೊಳ್ಳುವಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಗುರುತು ಇದೆಯಾ ನೋಡಿ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಗೆ ನಿಯಮ ಅದು. ಶಬ್ದ ಸೆಟ್ಟಿನ ಹೊರಪೆಟ್ಟಿಗೆಯಿಂದ (ಕ್ಯಾನೊಪಿ) ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಅಷ್ಟಕ್ಕೂ, ಏಪ್ರಿಲ್ ತಿಂಗಳಲ್ಲಿ ಗದಗ ಸೀಮೆಯಲ್ಲಿ 40 ಡಿಗ್ರಿ ಕಾಯುವಾಗ 12 ಕಿಲೋವಾಟ್ ಪೂರ್ತಿ ಕೇಳಬೇಡಿ. ಹತ್ತಕ್ಕೆ ನಿಲ್ಲಿಸಿ.

ಜಾಗ, ಪಾಯ, ಗಾಳಿಯ ದಿಕ್ಕು

ಪವರ್ ಹೌಸ್ ಊರಿನ ನಡುವೆ ಇದ್ದಷ್ಟೂ ತಂತಿ ಉಳಿಯುತ್ತದೆ. ಆದರೆ ಶಬ್ದ, ಹೊಗೆ ಇವೆಯಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಹಾಗಾಗಿ ಊರಿನ ಪೂರ್ವದ ಅಂಚು ಒಳ್ಳೆಯದು, ಹೊಗೆ ಹೊಲದ ಕಡೆ ಹೋಗುತ್ತದೆ. ರೇಡಿಯೇಟರ್ ಬಿಸಿಗಾಳಿ ಬಿಡುವ ಬಾಯಿಯೂ ಪೂರ್ವಕ್ಕೇ ಇರಲಿ. ಎದುರುಗಾಳಿಗೆ ಮುಖ ಮಾಡಿದರೆ ಬಿಸಿಗಾಳಿ ವಾಪಸ್ ಒಳಗೇ ಬಂದು ಇಂಜಿನ್ ಕಾಯುತ್ತದೆ.

ಗಿರಣಿ ಮತ್ತು ಇಂಜಿನ್ ಒಂದೇ ಸೂರಿನಡಿ ಬೇಡ. ಹಿಟ್ಟಿನ ಧೂಳು ಏರ್ ಫಿಲ್ಟರ್ ಕಟ್ಟುತ್ತದೆ. ಬ್ಯಾಡಗಿ ಸೀಮೆಯಾದರೆ ಮೆಣಸಿನಕಾಯಿ ಕುಟ್ಟುವುದೂ ಅಲ್ಲೇ ನಡೆಯುತ್ತದೆ, ಆ ಘಾಟಿನಲ್ಲಿ ಇಂಜಿನ್ ನೋಡಿಕೊಳ್ಳುವವರ ಗತಿ ಬೇರೆ.

ಎರೆ ಮಣ್ಣಿನಲ್ಲಿ ಪಾಯದ ಬಗ್ಗೆ ಎಚ್ಚರ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಸುಮ್ನೆ ಕಾಂಕ್ರೀಟ್ ಹಾಸಿದರೆ ಒಂದೇ ವರ್ಷದಲ್ಲಿ ಓರೆಯಾಗುತ್ತದೆ. ಗಟ್ಟಿ ಗರಸು ಸಿಗುವವರೆಗೆ ಎರೆ ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಅದರ ಮೇಲೆ ಸರಳು ಹಾಕಿದ ಕಟ್ಟೆ ಕಟ್ಟಿ. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಈ ತೊಂದರೆ ಇಲ್ಲ. ಹೊಳೆಸಾಲಿನ ಊರಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಟ್ಟೆ, ಪ್ಯಾನಲ್, ಬ್ಯಾರೆಲ್ ಮೂರೂ ಆ ಗುರುತಿನ ಮೇಲಿರಬೇಕು. ಪ್ರವಾಹದಲ್ಲಿ ಮುಳುಗುವ ಜನರೇಟರ್ ಇಟ್ಟುಕೊಂಡು ಏನು ಮಾಡುವುದು?

ಹೊಗೆ ಕೊಳವೆಯ ಎತ್ತರಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಇದೆ. ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ, ಬಂದಷ್ಟು ಮೀಟರ್ ಕಟ್ಟಡದ ಎತ್ತರಕ್ಕಿಂತ ಮೇಲಿರಬೇಕು. 15 ಕೆವಿಎಗೆ ಸುಮಾರು 80 ಸೆಂಟಿಮೀಟರ್. ಚಳಿ, ಮಳೆ ಅಂತ ಬಾಗಿಲು ಹಾಕಿ ಮುಚ್ಚಿದ ಕೋಣೆಯೊಳಗೆ ಇಂಜಿನ್ ಓಡಿಸಬಾರದು, ಅಲ್ಲಿ ಮಲಗಲಂತೂ ಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ತಂತಿ ಮತ್ತು ಅರ್ಥಿಂಗ್

ಮೂರು ಫೇಸಿಗೂ ಇಪ್ಪತ್ತಿಪ್ಪತ್ತು ಮನೆ ಹಂಚಿ. ಇದು ಅಂದಕ್ಕಲ್ಲ, ವೋಲ್ಟೇಜಿಗೆ. 35 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್‌ನಲ್ಲಿ 400 ಮೀಟರ್ ದೂರಕ್ಕೆ 7 ಕಿಲೋವಾಟ್ ಮೂರು ಫೇಸಿನಲ್ಲಿ ಕಳಿಸಿದರೆ ವೋಲ್ಟೇಜ್ ಇಳಿಯುವುದು ಬರೀ ಮೂರೂವರೆ. ಅಷ್ಟನ್ನೂ ಒಂದೇ ಫೇಸಿನಲ್ಲಿ ಕಳಿಸಿದರೆ 22 ವೋಲ್ಟ್ ಇಳಿದು, ಕೊನೆಯ ಮನೆಗೆ 208 ಮುಟ್ಟುತ್ತದೆ. ಬರಿ ತಂತಿಗಿಂತ, ಹೊದಿಕೆ ಇರುವ ತಂತಿಗಳನ್ನು ಒಟ್ಟಿಗೆ ಹೆಣೆದ ಬಂಚ್ ಕೇಬಲ್ ಹಾಕಿ. ಗಾಳಿಗೆ ತಂತಿ ತಂತಿ ಬಡಿಯುವುದಿಲ್ಲ, ಕೊಕ್ಕೆ ಹಾಕುವುದೂ ಸುಲಭವಲ್ಲ. ರಸ್ತೆ ದಾಟುವ ಕಡೆ ಎತ್ತರ 5.8 ಮೀಟರ್ ಇರಲಿ. ಹತ್ತಿ, ಕಣಿಕೆ ಹೇರಿದ ಟ್ರೇಲರ್ ಮೇಲೆ ಹುಡುಗರು ಕೂತೇ ಬರುತ್ತಾರೆ.

ನ್ಯೂಟ್ರಲ್ ತಂತಿಯನ್ನು ಬಡವರ ಮಗನ ಹಾಗೆ ಕಾಣಬೇಡಿ. ಅದು ಎಲ್ಲಾದರೂ ಕಡಿದರೆ ಕೆಲವು ಮನೆಗೆ 230ರ ಬದಲು 400ರ ಹತ್ತಿರ ನುಗ್ಗುತ್ತದೆ. ಹತ್ತಾರು ಟಿವಿ ಒಂದೇ ಏಟಿಗೆ ಸುಡುತ್ತವೆ. ಲೈನಿನ ನ್ಯೂಟ್ರಲ್‌ನಲ್ಲಿ ಫ್ಯೂಸ್ ಹಾಕಬಾರದು. ಜೋಡಣೆಗಳಿಗೆ ಸರಿಯಾದ ಕನೆಕ್ಟರ್ ಬಳಸಿ, ಕೈಯಿಂದ ಹುರಿ ಹಾಕಿ ಬಿಡಬೇಡಿ.

ಅರ್ಥಿಂಗ್ ಗುಂಡಿ ನಾಲ್ಕು ಬೇಕು: ಸೆಟ್ಟಿನ ನ್ಯೂಟ್ರಲ್‌ಗೆ ಎರಡು, ಸೆಟ್ಟಿನ ಲೋಹದ ಮೈಗೆ ಎರಡು. ಎರೆ ನೆಲ ಹಸಿ ಇದ್ದಾಗ ಅರ್ಥಿಂಗ್ ಚೆನ್ನಾಗಿ ಸಿಗುತ್ತದೆ, ಬಿರಿದಾಗ ಪ್ಲೇಟಿನ ಸುತ್ತ ಸಂದು ಬೀಳುತ್ತದೆ. ಕಪ್ಪತಗುಡ್ಡದ ಕೆಂಪು ಕಲ್ಲುನೆಲದಲ್ಲಿ ಮೊದಲಿನಿಂದಲೇ ಕಷ್ಟ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ಕೆಲಸ ಯಾರದು ಅಂತ ಹೆಸರು ಬರೆದಿಡಿ. ರೋಹಿಣಿ ಮಳೆಗೆ ಮುಂಚೆ, ಸಿಡಿಲಿನ ದಿನಗಳು ಶುರುವಾಗುವ ಹೊತ್ತಿಗೆ, ಅರ್ಥ್ ಟೆಸ್ಟರ್ ತರಿಸಿ ಅಳೆಸಿ.

ಪ್ರತಿ ಮನೆಗೆ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪ್ಸ್ ಆರ್‌ಸಿಸಿಬಿ ಮತ್ತು ಲೋಡ್ ಮೀರಿದರೆ ಬೀಳುವ 2 ಆಂಪ್ಸಿನ ಎಂಸಿಬಿ. ಎರಡು ಆಂಪ್ಸ್ ಅಂದರೆ 460 ವಾಟ್, ಮನೆಗೆ ಧಾರಾಳ. ಆದರೆ ನೀರು ಕಾಯಿಸುವ ಕಾಯಿಲ್ ಹಾಕಿದರೆ ಬೀಳುತ್ತದೆ. ಅದು ಬೀಳಲಿ ಅಂತಲೇ ಹಾಕುವುದು. ಒಂದು ಕಾಯಿಲ್ 1500 ವಾಟ್ ತಿನ್ನುತ್ತದೆ. ಐದು ಮನೆ ಒಟ್ಟಿಗೆ ಹಾಕಿದರೆ ಊರೇ ಕತ್ತಲು.

ಎಣ್ಣೆ

ಪೆಟ್ರೋಲಿಯಂ ಕಾಯ್ದೆಯ ಲೆಕ್ಕದಲ್ಲಿ ಡೀಸೆಲ್ ಬಿ ವರ್ಗದ್ದು. ಒಂದು ಜಾಗದಲ್ಲಿ 2500 ಲೀಟರ್‌ವರೆಗೆ, ಒಂದೊಂದು ಪಾತ್ರೆ 1000 ಲೀಟರ್ ಮೀರದಂತೆ, ಲೈಸೆನ್ಸ್ ಇಲ್ಲದೆ ಇಡಬಹುದು. ನಿಮಗೆ ಅಷ್ಟೆಲ್ಲ ಬೇಡ. 200 ಲೀಟರಿನ ಎರಡು ಬ್ಯಾರೆಲ್ ಸಾಕು. ಹೊಳೆಸಾಲಿನವರು ಮಳೆಗಾಲಕ್ಕೆ ಮೂರು ಇಟ್ಟುಕೊಳ್ಳಲಿ. ಹಳೆಯದು ಮೊದಲು ಖರ್ಚಾಗಬೇಕು. ಆರು ತಿಂಗಳಿಗಿಂತ ಹಳೆಯ ಎಣ್ಣೆ ಇಡದಿರುವುದೇ ಒಳ್ಳೆಯದು.

ಇಂಜಿನ್ನಿಗೆ ದೊಡ್ಡ ಶತ್ರು ಎಣ್ಣೆಯೊಳಗಿನ ನೀರು. ಹೊರಗೆ ನಿಲ್ಲಿಸಿದ ಬ್ಯಾರೆಲ್ ಹಗಲು ಕಾದು ಉಸಿರು ಬಿಡುತ್ತದೆ, ರಾತ್ರಿ ತಣಿದು ಉಸಿರು ಎಳೆದುಕೊಳ್ಳುತ್ತದೆ. ಮುಚ್ಚಳದ ಸುತ್ತ ಮಳೆನೀರು ನಿಂತಿದ್ದರೆ ಅದನ್ನೂ ಎಳೆದುಕೊಳ್ಳುತ್ತದೆ. ನೀರು ತಳದಲ್ಲಿ ಕೂರುತ್ತದೆ. ನೀರು, ಎಣ್ಣೆ ಕೂಡುವ ಗೆರೆಯಲ್ಲಿ ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತದೆ. ಹಾಗಾಗಿ ಸೂರಿನಡಿ, ಕಟ್ಟಿಗೆಯ ಮೇಲೆ, ಸ್ವಲ್ಪ ಓರೆಯಾಗಿ ಇಡಿ. ತಂದ ದಿನವೇ ಬಳಸಬೇಡಿ, ಒಂದು ದಿನ ಕೂರಲಿ. ಹ್ಯಾಂಡ್ ಪಂಪಿನ ಕೊಳವೆ ತಳದಿಂದ ನಾಲ್ಕು ಬೆರಳು ಮೇಲಿರಲಿ. ಉಳಿದ ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು ಬಿಸಿಲಿಗೆ ನೋಡಿ: ಕೆಳಗೆ ನೀರಿನ ಗುಳ್ಳೆ ಬೇರೆಯಾಗಿ ಕಾಣುತ್ತದೆ.

ಸತುವಿನ ಲೇಪ ಇರುವ ಜಿಐ ಪೈಪ್, ಜಿಐ ಡಬ್ಬ ಡೀಸೆಲ್‌ಗೆ ಬೇಡ. ಸತುವು ಡೀಸೆಲ್ ಜತೆ ಸೇರಿ ಸೋಪಿನಂಥ ಗಸಿ ಕಟ್ಟುತ್ತದೆ. ಹೊಲಕ್ಕೆ ಹಾಕಿ ಉಳಿದ ಪೈಪ್ ಇದೆಯಲ್ಲ ಅಂತ ಜೋಡಿಸುವವರು ಇರುತ್ತಾರೆ, ತಡೆಯಿರಿ.

ದಿನಾ ಚಾಲೂ ಮಾಡುವ ಕ್ರಮ

ಈ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆದು ಇಂಜಿನ್ ಪಕ್ಕ ಅಂಟಿಸಿ.

1. ಮೇನ್ ಬ್ರೇಕರ್ ಕೆಳಗೆ, ಅಂದರೆ ಬಂದ್ ಇದೆಯಾ ನೋಡಿ. ಲೋಡ್ ಹಾಕಿಕೊಂಡು ಇಂಜಿನ್ ಎಬ್ಬಿಸಬಾರದು.
2. ಇಂಜಿನ್ ತಣ್ಣಗಿರುವಾಗ ಡಿಪ್ ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಇಂಜಿನ್ ಆಯಿಲ್ ಎರಡು ಗೀಟಿನ ನಡುವೆ ಇರಬೇಕು. ಮೇಲಿನ ಗೀಟು ದಾಟಿದ್ದರೆ ಖುಷಿ ಪಡಬೇಡಿ, ಡೀಸೆಲ್ ಅಥವಾ ನೀರು ಸೇರಿರಬಹುದು.
3. ಕೂಲೆಂಟ್ ನೋಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಮುಖಕ್ಕೆ ಹಾರುತ್ತದೆ.
4. ವಾಟರ್ ಸೆಪರೇಟರ್‌ನ ಕೆಳಗಿನ ತಿರುಪು ಬಿಚ್ಚಿ ನೀರು ಬಿಡಿ.
5. ಫ್ಯಾನ್ ಬೆಲ್ಟ್, ಬ್ಯಾಟರಿ ಟರ್ಮಿನಲ್, ನೆಲದ ಮೇಲೆ ಎಣ್ಣೆ ಕಲೆ. ಇವನ್ನು ಕಣ್ಣಲ್ಲೇ ನೋಡಿ ಮುಗಿಸಬಹುದು.
6. ಚಾಲೂ ಮಾಡಿ. ಹತ್ತು ಸೆಕೆಂಡಿನಲ್ಲಿ ಆಯಿಲ್ ಪ್ರೆಷರ್ ಏರದಿದ್ದರೆ ಕೂಡಲೇ ಬಂದ್ ಮಾಡಿ.
7. ಮೂರರಿಂದ ಐದು ನಿಮಿಷ ಖಾಲಿ ಓಡಲಿ. ಫೇಸ್ ಫೇಸ್ ನಡುವೆ 415, ಫೇಸ್ ನ್ಯೂಟ್ರಲ್ ನಡುವೆ 240 ವೋಲ್ಟ್ ಬರಬೇಕು. ಇಂಜಿನ್ ವೇಗ ಹಿಡಿದಿಡುವ ಗವರ್ನರ್ ಮೆಕ್ಯಾನಿಕಲ್ ಆಗಿದ್ದರೆ ಫ್ರೀಕ್ವೆನ್ಸಿ ಖಾಲಿಯಲ್ಲಿ 52ರ ಹತ್ತಿರ ಇರುತ್ತದೆ. ಅದು ದೋಷವಲ್ಲ, ಲೋಡ್ ಬಿದ್ದಾಗ 50ಕ್ಕೆ ಬರುತ್ತದೆ.
8. ಓಣಿ ಓಣಿಯ ಸ್ವಿಚ್ ಒಂದೊಂದಾಗಿ ಏರಿಸಿ. ಒಂದು ಏರಿಸಿ ಮೀಟರ್ ನೋಡಿ, ಆಮೇಲೆ ಇನ್ನೊಂದು.

ನಿಲ್ಲಿಸುವಾಗ ಉಲ್ಟಾ: ಲೋಡ್ ಇಳಿಸಿ, ಮೂರು ನಾಲ್ಕು ನಿಮಿಷ ಖಾಲಿ ಓಡಿಸಿ ತಣಿಸಿ, ಆಮೇಲೆ ಬಂದ್.

ಹಗಲಿನ ಲೋಡ್ ದಿನಾ ಇಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ಗಿರಣಿ ಮತ್ತು ಬೋರ್ ಜತೆಗೆ ಎರಡು ಗಂಟೆ ಚೆನ್ನಾಗಿ ದುಡಿಸಿ. ಕಡಿಮೆ ಲೋಡ್‌ನಲ್ಲಿ ಕಟ್ಟಿದ ಮಸಿ ಆ ಬಿಸಿಗೆ ಸುಟ್ಟು ಹೋಗುತ್ತದೆ.

ಹೊಗೆ ನೋಡುವುದು, ಏರ್ ತೆಗೆಯುವುದು

ಹೊಗೆ ಬಣ್ಣ ನೋಡಿ ಅರ್ಧ ರೋಗ ಹೇಳಬಹುದು. ಕಪ್ಪು ಹೊಗೆ ಅಂದರೆ ಲೋಡ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಚಾಲೂ ಮಾಡಿದ ಹೊಸದರಲ್ಲಿ ಬಂದರೆ ಚಿಂತೆ ಇಲ್ಲ. ಕಾದ ಮೇಲೂ ಬರುತ್ತಿದ್ದರೆ ಎಣ್ಣೆಯಲ್ಲಿ ನೀರು ಅಥವಾ ಇಂಜೆಕ್ಟರ್ ತೊಂದರೆ. ಹತ್ತಿ ಬಿಡಿಸುವ ದಿನಗಳಲ್ಲಿ ರೇಡಿಯೇಟರ್ ಜಾಲರಿಗೆ ಹತ್ತಿಯ ಎಳೆ ಕಟ್ಟಿ ಇಂಜಿನ್ ಕಾಯುವುದು ನಮ್ಮ ಸೀಮೆಯದ್ದೇ ರೋಗ. ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ.

ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದರೆ ಇಂಜಿನ್ ಏರ್ ಹಿಡಿಯುತ್ತದೆ. ಎಣ್ಣೆ ತುಂಬಿದರೂ ಎದ್ದೇಳುವುದಿಲ್ಲ. ಟ್ಯಾಂಕ್ ತುಂಬಿಸಿ, ಫಿಲ್ಟರ್ ಮೇಲಿನ ತಿರುಪು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಹಿಡಿಕೆ ಒತ್ತುತ್ತಾ ಹೋಗಿ. ಮೊದಲು ಬುರುಬುರು ನೊರೆ ಬರುತ್ತದೆ. ನೊರೆ ನಿಂತು ಎಣ್ಣೆ ಸಣ್ಣ ಧಾರೆಯಾಗಿ ಬಂದ ಮೇಲೆ, ಒತ್ತುತ್ತಿರುವಾಗಲೇ ತಿರುಪು ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ತಿರುಪಿಗೂ ಹೀಗೇ. ಹಳೆಯ ಮಾದರಿಯ ಇಂಜಿನ್ ಆದರೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದುಂಟು. ಕಾಮನ್ ರೈಲ್ ಇಂಜಿನ್ನಿನಲ್ಲಿ ಆ ನಟ್ ಮುಟ್ಟಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಎಣ್ಣೆಯ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ.

ಆಯಿಲ್ ಬದಲಿಸುವುದು ಮೊದಲು 50 ಗಂಟೆಗೆ, ಆಮೇಲೆ 250 ಗಂಟೆಗೊಮ್ಮೆ ಅಂತ ಸಾಮಾನ್ಯ ಲೆಕ್ಕ. ನಿಮ್ಮ ಸೆಟ್ಟಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ದಿನಕ್ಕೆ ಆರು ಗಂಟೆ ಓಡಿಸಿದರೆ 250 ಗಂಟೆ ಆಗಲು ನಲವತ್ತೆರಡು ದಿನ ಸಾಕು. ಹೊಸಬರು ಇಲ್ಲೇ ತಪ್ಪುವುದು, ವರ್ಷಕ್ಕೊಮ್ಮೆ ಸರ್ವಿಸ್ ಅಂದುಕೊಂಡಿರುತ್ತಾರೆ. ಮೂರು ಸರ್ವಿಸಿಗೆ ಆಗುವಷ್ಟು ಆಯಿಲ್, ಫಿಲ್ಟರ್, ಒಂದು ಫ್ಯಾನ್ ಬೆಲ್ಟ್, ವೋಲ್ಟೇಜ್ ಹಿಡಿದಿಡುವ ಒಂದು ಎವಿಆರ್ ಕಾರ್ಡ್ ಊರಲ್ಲೇ ಇರಲಿ. ಸಿಡಿಲಿಗೆ ಸುಟ್ಟು ಹೋಗುವುದು ಆ ಕಾರ್ಡೇ. ಅದನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಊರು ಎರಡು ರಾತ್ರಿ ಕತ್ತಲಲ್ಲಿರುತ್ತದೆ.

ಲಾಗ್ ಬುಕ್ ಮತ್ತು ದುಡ್ಡು

ದಿನಕ್ಕೊಂದು ಸಾಲು. ತಾರೀಖು, ಅವರ್ ಮೀಟರ್, ಹಾಕಿದ ಡೀಸೆಲ್, ಎನರ್ಜಿ ಮೀಟರಿನ ಯೂನಿಟ್, ಸೇರಿಸಿದ ಆಯಿಲ್, ಸಹಿ. ಕೊನೆಯ ಕಾಲಂನಲ್ಲಿ ಯೂನಿಟ್ಟನ್ನು ಲೀಟರಿನಿಂದ ಭಾಗಿಸಿ ಬರೆಯಿರಿ. ಟ್ಯಾಂಕನ್ನು ದಿನಾ ಒಂದೇ ಗುರುತಿನವರೆಗೆ ತುಂಬಿಸಿ, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ನಮ್ಮ ತಾಂಡಾದ ಲೆಕ್ಕ ನೋಡಿ. ಹಗಲು ಎರಡು ಗಂಟೆಗೆ ಸುಮಾರು 19 ಯೂನಿಟ್, 6 ಲೀಟರ್. ಸಂಜೆ ಆರರಿಂದ ಹತ್ತು, ಸರಾಸರಿ 6 ಕಿಲೋವಾಟ್ ಅಂದರೆ 24 ಯೂನಿಟ್, 9 ಲೀಟರ್. ಒಟ್ಟು 43 ಯೂನಿಟ್, 15 ಲೀಟರ್. ಲೀಟರ್‌ಗೆ 2.87. ಈ ಸಂಖ್ಯೆ ನಾಲ್ಕೈದು ದಿನದಲ್ಲಿ ಮೆಲ್ಲಗೆ 2.6, 2.4 ಅಂತ ಇಳಿದರೆ ಫಿಲ್ಟರ್, ಇಂಜೆಕ್ಟರ್ ನೋಡಿ. ಒಂದೇ ದಿನ ದಪ್ಪಂತ ಇಳಿದರೆ ಡೀಸೆಲ್ ಬೇರೆ ಎಲ್ಲೋ ಹೋಗಿದೆ. ಯಾರ ಮೇಲೂ ಬೆರಳು ತೋರಿಸಬೇಕಾಗಿಲ್ಲ. ಪುಸ್ತಕವನ್ನು ಗುಡಿಕಟ್ಟೆಯ ಮೇಲೆ ಎಲ್ಲರೂ ಓದುವ ಹಾಗೆ ಇಡಿ, ತಾನಾಗಿ ಸರಿಹೋಗುತ್ತದೆ.

ಡೀಸೆಲ್ ಲೀಟರ್‌ಗೆ 90 ರೂಪಾಯಿ ಅಂತ ಹಿಡಿದರೆ ದಿನಕ್ಕೆ 1,350. ಯೂನಿಟ್ಟಿಗೆ ಬರೀ ಎಣ್ಣೆಯ ಖರ್ಚೇ 31 ರೂಪಾಯಿ ದಾಟಿತು. ಸಂಜೆಯ ಪಾಲು ತಿಂಗಳಿಗೆ 24,300, ಮನೆಗೆ 405. ಇದರ ಮೇಲೆ ಆಪರೇಟರ್ ಸಂಬಳ, ಸರ್ವಿಸ್, ಮುಂದೊಂದು ದಿನ ಇಂಜಿನ್ ಬಿಚ್ಚಿಸಲು ಕೂಡಿಡುವ ದುಡ್ಡು. ಗಿರಣಿಯವರು ಮೀಟರ್ ನೋಡಿ ಯೂನಿಟ್ ಲೆಕ್ಕದಲ್ಲಿ ಕೊಡಲಿ. ನೀರಿನ ಖರ್ಚು ಪಂಚಾಯಿತಿ ಹೊರಲು ಒಪ್ಪುತ್ತದೆಯೇ ಕೇಳಿ.

ಪಕ್ಕದ ಊರಲ್ಲಿ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವಾಗ ಇಲ್ಲಿ ನಾಲ್ಕುನೂರು ಯಾಕೆ ಕೊಡಬೇಕು ಅಂತ ಜನ ಕೇಳುತ್ತಾರೆ. ಆ ಯೋಜನೆ ಹೆಸ್ಕಾಂನಂಥ ಕಂಪನಿಗಳ ಗ್ರಾಹಕರಿಗೆ, ನಿಮ್ಮ ಇಂಜಿನ್ನಿಗೆ ಅಲ್ಲ. ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡಿ. ತಿಂಗಳ ಮೊದಲೇ ದುಡ್ಡು ತೆಗೆದುಕೊಳ್ಳಿ. ಸುಗ್ಗಿಗೆ ಕೊಡುತ್ತೇನೆ ಅನ್ನುವವರಿಂದ ಸುಗ್ಗಿಯಲ್ಲೇ ವರ್ಷದ್ದು ಒಟ್ಟಿಗೆ ತೆಗೆದುಕೊಂಡರೂ ಆಯಿತು. ಜಾತ್ರೆ, ಮದುವೆಯ ಸೀರಿಯಲ್ ಸೆಟ್, ಮೈಕಿಗೆ ಬೇರೆ ಜನರೇಟರ್ ಬಾಡಿಗೆಗೆ ತರಲಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಹೆಸ್ಕಾಂ ಲೈನ್ ಬಂದ ದಿನ

ಕಂಬ ಬಂದರೆ ಹಬ್ಬವೇ. ಆದರೆ ಅತಿ ಹೆಚ್ಚು ಅಪಾಯ ಇರುವುದೂ ಅವತ್ತೇ. ಹೆಸ್ಕಾಂ ಲೈನೂ ನಿಮ್ಮ ಸೆಟ್ಟೂ ಯಾವ ಕಾರಣಕ್ಕೂ ಒಂದೇ ತಂತಿಯಲ್ಲಿ ಕೂಡಬಾರದು. ಕರೆಂಟು ಹೋಯಿತು ಅಂತ ನೀವು ಸೆಟ್ ಚಾಲೂ ಮಾಡಿದಿರಿ, ಚೇಂಜ್‌ಓವರ್ ಹಾಕಲಿಲ್ಲ ಅಂದುಕೊಳ್ಳಿ. ನಿಮ್ಮ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ಹೋಗಿ, ಆ ಕಡೆ 11 ಸಾವಿರ ವೋಲ್ಟ್ ಆಗಿ ಹೊರಡುತ್ತದೆ. ಲೈನ್ ಬಂದ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಸಿಗುತ್ತಾರೆ. ಹಾಗಾಗಿ ನ್ಯೂಟ್ರಲ್ಲನ್ನೂ ಬೇರ್ಪಡಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್ಚೇ ಬೇಕು, ಒಂದು ಕಡೆ ಹಾಕಿದರೆ ಇನ್ನೊಂದು ತಾನೇ ಬಿಡುವಂಥದ್ದು. ಎರಡು ಎಂಸಿಬಿ ಇಟ್ಟು "ನಾವು ನೋಡ್ಕೊಂಡು ಹಾಕ್ತೀವ್ರಿ" ಅನ್ನುವುದು ನಡೆಯುವುದಿಲ್ಲ. ಸೆಕ್ಷನ್ ಆಫೀಸಿಗೆ ಬರೆದು ತಿಳಿಸಿ, ಅವರ ಲೈನ್‌ಮನ್‌ಗೆ ಸ್ವಿಚ್ ಇರುವ ಜಾಗ ಕರೆದುಕೊಂಡು ಹೋಗಿ ತೋರಿಸಿ.

ಆಮೇಲೂ ಸೆಟ್ ಮಾರಬೇಡಿ, ಹೊಳೆಸಾಲಿನವರಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ, ಆದರೆ ಖಾಲಿ ಓಡಿಸಬೇಡಿ, ಗಿರಣಿಯ ಲೋಡ್ ಕೊಟ್ಟು ಓಡಿಸಿ. ಬ್ಯಾಟರಿಗೆ ಚಾರ್ಜರ್ ಹಚ್ಚಿಡಿ, ತುರ್ತಿನ ದಿನ ಸೆಟ್ ಏಳದಿರುವುದು ಹೆಚ್ಚಾಗಿ ಬ್ಯಾಟರಿಯಿಂದಲೇ. ಆರು ತಿಂಗಳಾದ ಡೀಸೆಲ್ಲನ್ನು ಯಾರದಾದರೂ ಟ್ರ್ಯಾಕ್ಟರಿಗೆ ಹಾಕಿಸಿ ದುಡ್ಡು ತೆಗೆದುಕೊಂಡು, ಮಳೆಗಾಲಕ್ಕೆ ಮುಂಚೆ ಹೊಸದು ತುಂಬಿಸಿ.